ಬಾರಾಲಾಚಾದಲ್ಲಿ ಹಿಮ ಬಿದ್ದರೆ: ಮನಾಲಿ–ಲೇಹ್ ದಾರಿಯ ಸೈಕಲ್ ಸವಾರರಿಗೆ

ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿಯಬೇಕೆಂದು ಹೊರಟವರೆಲ್ಲ ಮೊದಲು ಕೇಳುವುದು ಏರಿನ ಬಗ್ಗೆ. ಏರು ಉದ್ದ, ನಿಜ. ಆದರೆ ಕಡಿದಲ್ಲ. ನಂದಿ ಬೆಟ್ಟದ ಕೊನೆಯ ತಿರುವುಗಳನ್ನು ಇಳಿಯದೆ ತುಳಿಯುವವರಿಗೆ ಅಷ್ಟು ಕಡಿದಾದ ರಸ್ತೆ ಈ ದಾರಿಯಲ್ಲಿ ಸಿಗುವುದೇ ಅಪರೂಪ. ಸಣ್ಣ ಗೇರು ಹಾಕಿಕೊಂಡು, ಉಸಿರು ಸಿಕ್ಕಷ್ಟು ವೇಗದಲ್ಲಿ ಹೋದರೆ ಈ ದಾರಿಯ ಅತಿ ಎತ್ತರದ ಪಾಸು (ಬೆಟ್ಟಸಾಲು ದಾಟುವ ಘಾಟಿ; ಇಲ್ಲಿನವರ ಮಾತಿನಲ್ಲಿ 'ಲಾ') ತಾಂಗ್ಲಾಂಗ್ ಲಾ ಕೂಡ ಒಂದು ಹೊತ್ತಿಗೆ ಬರುತ್ತದೆ. ಹವಾಮಾನ ಕೆಟ್ಟ ದಿನ ಜನ ಪೆಟ್ಟು ತಿನ್ನುವುದು ತುದಿ ಮುಟ್ಟಿದ ಮೇಲೆ, ಇಳಿಯುವಾಗ.

ಇದಕ್ಕೆ ಸೈಕಲ್ ರೇಸಿನ ಚರಿತ್ರೆಯಲ್ಲೇ ಒಂದು ಸಾಕ್ಷಿಯಿದೆ. 1988ರ ಜೂನ್ 5ರಂದು ಇಟಲಿಯ ಜಿರೋ ಸ್ಪರ್ಧೆ 2,600 ಮೀಟರ್ ದಾಟಿದ ಗಾವಿಯಾ ಪಾಸನ್ನು ಹಿಮಪಾತದ ನಡುವೆ ಹತ್ತಿತು. ಎಲ್ಲರಿಗಿಂತ ಮೊದಲು ತುದಿ ತಲುಪಿದ್ದು ಹಾಲೆಂಡಿನ ಯೋಹಾನ್ ವಾನ್ ಡರ್ ವೆಲ್ಡೆ, ಗಿಡ್ಡ ತೋಳಿನ ಜರ್ಸಿಯಲ್ಲಿ. ಅಂದಿನ ಓಟ ಮುಗಿಯುವ ಬೋರ್ಮಿಯೊಗೆ ಇಳಿಯುವಷ್ಟರಲ್ಲಿ ಆತ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದ. ಚಳಿ ತಡೆಯಲಾರದೆ ದಾರಿಯಲ್ಲಿ ಆಸರೆ ಹುಡುಕಿಕೊಂಡು ನಿಂತಿದ್ದೇ ಕಾರಣ. ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್ ತಂಡದವರಾದರೋ ಬೆಳಿಗ್ಗೆಯೇ ಅಂಗಡಿಗೆ ನುಗ್ಗಿ ಸ್ಕೀ ಆಡುವವರ ಕೈಗವಸು, ಟೋಪಿ ಕೊಂಡು ತಂದಿದ್ದರು. ಹ್ಯಾಂಪ್‌ಸ್ಟನ್ ಅಂದು ಒಟ್ಟು ಸ್ಪರ್ಧೆಯಲ್ಲಿ ಮುಂದಿರುವವನ ಗುಲಾಬಿ ಜರ್ಸಿ ತೊಟ್ಟ, ಕೊನೆಗೆ ಆ ವರ್ಷದ ಜಿರೋವನ್ನೇ ಗೆದ್ದ. ನಮ್ಮ ದಾರಿಯ ಪಾಸುಗಳು ಗಾವಿಯಾದ ಹೆಚ್ಚುಕಮ್ಮಿ ಎರಡರಷ್ಟು ಎತ್ತರದವು. ಹಿಂದೆ ತಂಡದ ಕಾರೂ ಬರುವುದಿಲ್ಲ.

ಮೊದಲು ನಕ್ಷೆ ಓದಿ: ತಪ್ಪಿಸಿಕೊಳ್ಳಲು ಎಲ್ಲಿ ಜಾಗವಿದೆ?

ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ರೋಹ್ತಾಂಗ್ ಪಾಸು 3,978. ಅಲ್ಲಿಂದ ಚಂದ್ರಾ ನದಿಯ ಕಣಿವೆಗಿಳಿದು ಕೋಕ್ಸರ್, ಸಿಸ್ಸು, ತಾಂಡಿ, ಕೇಲಾಂಗ್, ಜಿಸ್ಪಾ. ಇವೆಲ್ಲ 3,000 ಮೀಟರ್‌ನ ಆಸುಪಾಸಿನ ಊರುಗಳು. ಮನೆಗಳಿವೆ, ಆಸ್ಪತ್ರೆಯಿದೆ, ಬಸ್ಸು ಸಿಗುತ್ತದೆ. ಇಲ್ಲಿ ಮಳೆಗೆ ಸಿಕ್ಕಿಬಿದ್ದರೆ ರಗ್ಗು ಹೊದ್ದು ಮಲಗಿದರಾಯಿತು.

ದಾರ್ಚಾ ದಾಟಿದರೆ ಆಟ ಬದಲಾಗುತ್ತದೆ. ಬಾರಾಲಾಚಾ ಲಾ 4,890 ಮೀಟರ್. ಅದನ್ನಿಳಿದರೂ ಸಿಗುವ ಸರ್ಚು 4,300ರ ಹತ್ತಿರವೇ ಇದೆ. ಮುಂದೆ ಗಾಟಾ ಲೂಪ್ಸ್‌ನ ಇಪ್ಪತ್ತೊಂದು ತಿರುವು, ನಕೀ ಲಾ (ಸುಮಾರು 4,740), ಲಾಚುಲುಂಗ್ ಲಾ (5,060), ಪಾಂಗ್ (4,600), ಮೋರೆ ಬಯಲು, ಕೊನೆಗೆ 5,328 ಮೀಟರ್‌ನ ತಾಂಗ್ಲಾಂಗ್ ಲಾ. ಬಾರಾಲಾಚಾ ಹತ್ತಿದಾಗಿನಿಂದ ರುಮ್ತ್ಸೆ ಕಡೆಗಿಳಿಯುವವರೆಗೆ 4,000ಕ್ಕಿಂತ ಕೆಳಗಿನ ಜಾಗ ದಾರಿಯಲ್ಲಿ ಇಲ್ಲವೇ ಇಲ್ಲ. ಸರ್ಚುವಿನಲ್ಲಿ ತಲೆ ಸಿಡಿಯತೊಡಗಿ 'ಕೆಳಗಿಳಿಯಿರಿ' ಎಂದು ಯಾರಾದರೂ ಹೇಳಿದರೆ, ಇಳಿಯುವುದಕ್ಕೂ ಒಂದು ಪಾಸು ಹತ್ತಲೇಬೇಕು. ಹಾಗಾಗಿ ಹೆಚ್ಚುವರಿ ದಿನಗಳೇನಾದರೂ ಕೈಯಲ್ಲಿದ್ದರೆ ಅವನ್ನು ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಖರ್ಚು ಮಾಡಿ. ಲೇಹ್‌ನ ಮಾರುಕಟ್ಟೆಗೆ ಉಳಿಸಿಕೊಳ್ಳಬೇಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು ಎಂಬುದು ವೈದ್ಯರು ಹೇಳುವ ಲೆಕ್ಕ. ಜಿಸ್ಪಾದಿಂದ ಒಂದೇ ಹಾರಿಗೆ ಸರ್ಚು ಎಂದರೆ ಈ ಲೆಕ್ಕ ಮುರಿಯುತ್ತದೆ. ನಡುವೆ ಪತ್ಸಿಯೋ, ಜಿಂಗ್ ಜಿಂಗ್ ಬಾರ್ ಎರಡರಲ್ಲೂ ಒಂದೊಂದು ರಾತ್ರಿ ಕಳೆಯಿರಿ.

ಫೋನ್ ಸಿಗ್ನಲ್ ನೆಚ್ಚಿಕೊಂಡು ಯಾವ ಯೋಜನೆಯನ್ನೂ ಹಾಕಬೇಡಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿ ಬಳಸುವ ಉಪಗ್ರಹ ಮೆಸೇಜ್ ಯಂತ್ರವನ್ನೋ ಸ್ಯಾಟಲೈಟ್ ಫೋನನ್ನೋ ಬ್ಯಾಗಿಗೆ ಹಾಕಿಕೊಂಡು ಬರುವುದುಂಟು. ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಂಡರೆ ಭಾರತದಲ್ಲಿ ಅದು ಅಪರಾಧ. ಮನೆಯಲ್ಲೇ ಬಿಟ್ಟು ಬನ್ನಿ.

ಯಾವ ತಿಂಗಳು, ಎಷ್ಟು ಗಂಟೆ

ಮುಂಗಾರಿನ ಬಹುಪಾಲನ್ನು ಪೀರ್ ಪಂಜಾಲ್ ಶ್ರೇಣಿ ತಡೆದುಬಿಡುತ್ತದೆ. ಜುಲೈನಲ್ಲಿ ರೋಹ್ತಾಂಗ್ ಕೆಳಗಿನ ಮಢಿಯ ತನಕ ಜಡಿಮಳೆ, ರೋಹ್ತಾಂಗ್ ದಾಟಿದರೆ ಒಣ ಬೆಟ್ಟ. ಇದು ಮಾಮೂಲಿ. ಮಾಮೂಲಿ ಎಂದು ನಂಬಿ ಕೂರುವಂತಿಲ್ಲ. 2010ರ ಆಗಸ್ಟ್ 5ರ ರಾತ್ರಿ ಲೇಹ್‌ನಂಥ ಒಣ ಊರಿನಲ್ಲೇ ಮೇಘಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2023ರ ಜುಲೈ ಎರಡನೇ ವಾರ ಹಿಮಾಚಲದಲ್ಲಿ ಪ್ರವಾಹ ಬಂದಾಗ ಚಂದ್ರತಾಲ್ ಸರೋವರದ ಬಳಿ ಪ್ರವಾಸಿಗರು ಹಿಮಕ್ಕೆ ಸಿಕ್ಕಿ ದಿನಗಟ್ಟಲೆ ಟೆಂಟುಗಳಲ್ಲಿ ಕೂತರು. ನಡು ಜುಲೈನಲ್ಲಿ ಹಿಮ! ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಹಳ್ಳಗಳು ಸೊರಗಿರುತ್ತವೆ, ನನಗಂತೂ ಮೊದಲೆರಡು ವಾರ ಇಷ್ಟ. ಆದರೆ ರಾತ್ರಿ ಚಳಿ ಸೊನ್ನೆಗಿಂತ ಕೆಳಗೆ, ತಿಂಗಳ ಕೊನೆಗೆ ರಸ್ತೆ ಮುಚ್ಚುವಷ್ಟು ಹಿಮವೂ ಬೀಳಬಹುದು.

ಹವಾಮಾನ ಇಲಾಖೆಯ ಶಿಮ್ಲಾ ಮತ್ತು ಲೇಹ್ ಕೇಂದ್ರಗಳ ಮುನ್ಸೂಚನೆ ಎರಡನ್ನೂ ನೋಡಿ, ಏಕೆಂದರೆ ದಾರಿ ಎರಡು ಕಡೆಗೂ ಸೇರಿದೆ. ಕಿತ್ತಳೆ ಎಚ್ಚರಿಕೆ ಇದ್ದ ದಿನ ಪಾಸು ಬೇಡ. ಮುನ್ಸೂಚನೆ ಸಿಗದ ಕಡೆ ಎದುರಿನಿಂದ ಬರುವ ಲಾರಿ ಚಾಲಕರನ್ನು ಕೇಳಿ: 'ಊಪರ್ ಬರಫ್ ಹೈ ಕ್ಯಾ?' (ಮೇಲೆ ಹಿಮ ಇದೆಯಾ?) ಅವರು ಎರಡು ಗಂಟೆ ಹಿಂದೆ ಕಣ್ಣಾರೆ ಕಂಡದ್ದನ್ನು ಹೇಳುತ್ತಾರೆ.

ಗಂಟೆಯ ವಿಷಯಕ್ಕೆ ಬಂದರೆ, ತುದಿಯನ್ನು ಹನ್ನೆರಡರೊಳಗೆ ದಾಟಬೇಕು. ಮಧ್ಯಾಹ್ನದ ನಂತರ ಗಾಳಿ ಏಳುತ್ತದೆ, ಮೋಡ ಕಟ್ಟುತ್ತದೆ, ಹಿಮ ಕರಗಿ ಹಳ್ಳಗಳು ಉಕ್ಕುತ್ತವೆ. ಹಾಗೆಂದು ನಾಲ್ಕಕ್ಕೇ ಹೊರಡುವುದೂ ಬೇಡ. ಹಿಂದಿನ ಸಂಜೆ ರಸ್ತೆಯ ಮೇಲೆ ಹರಿದ ನೀರು ಬೆಳಗಿನ ಜಾವ ಕಾಣದ ಮಂಜುಗಡ್ಡೆಯಾಗಿ ಕೂತಿರುತ್ತದೆ. ಕಣ್ಣು ಕಾಣುವಷ್ಟು ಬೆಳಕಾದ ಕೂಡಲೇ ಹೊರಡಿ. ತುದಿಗೆ ಹತ್ತಿರದಲ್ಲಿ ರಾತ್ರಿ ಕಳೆದಿದ್ದರೆ ಈ ಲೆಕ್ಕ ಸುಲಭವಾಗಿ ಕೂಡಿಬರುತ್ತದೆ. ಜಿಂಗ್ ಜಿಂಗ್ ಬಾರ್ ವಾಸ್ತವ್ಯಕ್ಕೆ ಇದು ಎರಡನೇ ಕಾರಣ.

ಸೈಕಲ್: ಬ್ರೇಕು, ಬ್ರೇಕು, ಆಮೇಲೆ ಉಳಿದದ್ದು

ಮಳೆಯಲ್ಲಿ ರಿಮ್ ಬ್ರೇಕು ಹಿಡಿದ ಕೂಡಲೇ ಕಚ್ಚುವುದಿಲ್ಲ. ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರೆಸಿಹೋದ ಮೇಲೆ ಕಚ್ಚುತ್ತದೆ. ಆ ಎರಡು ಸುತ್ತಿನಲ್ಲಿ ನೀವು ತಿರುವಿನ ಆಚೆ ಹೋಗಿರಬಹುದು. ಡಿಸ್ಕ್ ಬ್ರೇಕು ಇದ್ದರೆ ಒಳ್ಳೆಯದು, ಅದರಲ್ಲೂ ಕೇಬಲ್ಲಿನದು. ಆಯಿಲ್ ಬ್ರೇಕು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ, ಆದರೆ ಪಾಂಗ್‌ನಲ್ಲಿ ಅದರ ಪೈಪು ಸೋರತೊಡಗಿದರೆ ರಿಪೇರಿಗೆ ಯಾರೂ ಸಿಗುವುದಿಲ್ಲ. ಕೇಬಲ್ ಬದಲಾಯಿಸಲು ಒಂದು ಕೀಲಿ ಸಾಕು.

ಪ್ಯಾಡುಗಳಲ್ಲಿ ರೆಸಿನ್ ಬಗೆಯವು ಮೆತ್ತಗೆ ಹಿಡಿಯುತ್ತವೆ, ಒದ್ದೆ ಮರಳಿನಲ್ಲಿ ಬೇಗ ತೇಯ್ದುಹೋಗುತ್ತವೆ. ಲೋಹ ಬೆರೆತವು ಸ್ವಲ್ಪ ಸದ್ದು ಮಾಡಿದರೂ ಬಾಳುತ್ತವೆ. ಈ ದಾರಿಗೆ ಲೋಹದ್ದೇ ಸರಿ. ಎರಡು ಜೊತೆ ಹೆಚ್ಚಿಗೆ ಒಯ್ಯಿರಿ. ತೂಕ ಏನೂ ಇಲ್ಲ.

ಚರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಳೆಗಾಲದ ಒಂದು ದಿನ, ಸಾಮಾನಿನ ಬ್ಯಾಗು ಕಟ್ಟಿಕೊಂಡೇ ಇಳಿದು ನೋಡಿ. ತುಂಬಿದ ಸೈಕಲ್ಲು ಒದ್ದೆ ತಿರುವಿನಲ್ಲಿ ಹೇಗೆ ನಿಲ್ಲುತ್ತದೆ, ಎಷ್ಟು ಮುಂಚೆ ಬ್ರೇಕು ಹಿಡಿಯಬೇಕು ಎಂಬುದು ಅಲ್ಲೇ ತಿಳಿಯುತ್ತದೆ. ನಮ್ಮ ಘಾಟಿಗಳು ಕಲಿಸದಿರುವುದು ಚಳಿಯೊಂದನ್ನೇ.

ಮಡ್‌ಗಾರ್ಡ್ ಎರಡೂ ಇರಲಿ. ಸುಮ್ಮನೆ ನೋಟಕ್ಕೆ ಬಿಚ್ಚಿಟ್ಟು ಬರುವವರನ್ನು ಕಂಡಿದ್ದೇನೆ. ಕರಗಿದ ಹಿಮದ ನೀರು ಬೆನ್ನಿಗೂ ಪಾದಕ್ಕೂ ರಾಚುತ್ತಿದ್ದರೆ ಮೈಮೇಲಿನ ದುಬಾರಿ ಜರ್ಕಿನ್ ಏನೂ ಮಾಡದು. ಟೈರಿನ ಗಾಳಿ ಮಳೆಯ ದಿನ ಸ್ವಲ್ಪ ಇಳಿಸಿ. ಕಾಲಿಗೆ ಕಚ್ಚಿಕೊಳ್ಳುವ ಪೆಡಲ್ ಬೇಡ, ಅದರ ಸಂದಿಯಲ್ಲಿ ಹಿಮ ತುಂಬಿ ಹೆಪ್ಪುಗಟ್ಟುತ್ತದೆ. ಸಾದಾ ಅಗಲ ಪೆಡಲು, ಒಂದು ಸೈಜು ದೊಡ್ಡ ಶೂ. ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ.

ಬಟ್ಟೆ

ಹತ್ತಿ ಬನಿಯನ್ ಬೇಡ. ಬೆವರು ಹೀರಿಕೊಂಡು ಒಣಗದೆ ಮೈಗಂಟಿ ಕೂರುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್, ನಡುವೆ ಫ್ಲೀಸ್, ಮೇಲೆ ಗಾಳಿ ಮಳೆ ಎರಡನ್ನೂ ತಡೆಯುವ ಜರ್ಕಿನ್. ಇದು ಎಲ್ಲರೂ ಹೇಳುವ ಮಾತು, ಅದರಲ್ಲಿ ನನ್ನದೇನಿಲ್ಲ. ನಾನು ಒತ್ತಿ ಹೇಳುವುದು ಬೇರೆ: ಒಂದು ಥರ್ಮಲ್, ಒಂದು ಜೊತೆ ಉಣ್ಣೆ ಕಾಲ್ಚೀಲ, ಒಂದು ಜೊತೆ ಕೈಗವಸು ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನ ಮೇಲ್ಭಾಗದಲ್ಲೇ ಇಡಿ. ಏರುವಾಗ ಎಷ್ಟೇ ಚಳಿಯಾದರೂ ಆ ಚೀಲ ಬಿಚ್ಚುವಂತಿಲ್ಲ. ಅದು ಇಳಿತಕ್ಕೆ ಮೀಸಲು.

ಕೈಗೆ ಅಗ್ಗದ ಉಪಾಯವೊಂದಿದೆ. ಉಣ್ಣೆ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು, ದೊಡ್ಡ ಸೈಜಿನದು. ನೋಡಲು ನಗು ಬರುತ್ತದೆ, ನೀರು ಮಾತ್ರ ಒಳಗೆ ಬರುವುದಿಲ್ಲ. ಪಾದಕ್ಕೆ ಕಾಲ್ಚೀಲದ ಮೇಲೆ ಪ್ಲಾಸ್ಟಿಕ್ ಕವರ್, ಆಮೇಲೆ ಶೂ. ಹೆಲ್ಮೆಟ್ ಮೇಲೆ ಸ್ನಾನದ ಪ್ಲಾಸ್ಟಿಕ್ ಟೋಪಿ. ಕಣ್ಣಿಗೆ ಕಪ್ಪು ಕನ್ನಡಕ ಮೋಡವಿದ್ದ ದಿನವೂ ಬೇಕು, ಹೊಸ ಹಿಮದ ಬೆಳಕು ಕಣ್ಣು ಸುಡುತ್ತದೆ.

ಏರುವಾಗ ಬೆವರಬೇಡಿ

ಸ್ವಲ್ಪ ಚಳಿ ಅನ್ನಿಸುತ್ತಿರುವಾಗಲೇ ತುಳಿಯಲು ಶುರುಮಾಡಿ. ಜರ್ಕಿನ್ ಜಿಪ್ ತೆರೆದಿರಲಿ, ಬೆವರು ಬಂದರೆ ಒಂದು ಪದರ ಕಳಚಿ. ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಆಡಲು ಆಗಬೇಕು, ಅದಕ್ಕಿಂತ ಜೋರು ತುಳಿಯಬೇಡಿ. ಐದು ಸಾವಿರ ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚಷ್ಟೇ. ಏದುಸಿರು ಬಂದರೆ ಇಳಿದು ತಳ್ಳಿ.

ಹಸಿವಾಗುವುದಿಲ್ಲ, ಆದರೂ ತಿನ್ನಬೇಕು. ಚಿಕ್ಕಿ, ಖರ್ಜೂರ, ಕೊಬ್ಬರಿ ಮಿಠಾಯಿ ಚಳಿಯಲ್ಲೂ ಹಲ್ಲಿಗೆ ಬಗ್ಗುತ್ತವೆ. ಕೆಲವು ಚಾಕೊಲೇಟ್ ಬಾರ್‌ಗಳು ಕಲ್ಲಾಗುತ್ತವೆ. ಫ್ಲಾಸ್ಕಿನಲ್ಲಿ ಸಕ್ಕರೆ ಹಾಕಿದ ಬಿಸಿ ಚಹಾ ತುಂಬಿಸಿಕೊಂಡು, ಅರ್ಧ ಉಳಿಸಿಕೊಂಡೇ ತುದಿಗೆ ಹೋಗಿ.

ಹಿಂದಿರುಗುವ ನಿರ್ಧಾರವನ್ನು ಬೆಳಿಗ್ಗೆಯೇ, ಧಾಬಾದ ಬೆಂಚಿನ ಮೇಲೆ ಕೂತು ಮಾಡಿಟ್ಟುಕೊಳ್ಳಿ. 'ಹನ್ನೊಂದಕ್ಕೆ ಸೂರಜ್ ತಾಲ್ ಸರೋವರ ಕಾಣದಿದ್ದರೆ ವಾಪಸ್', 'ರಸ್ತೆಯಲ್ಲಿ ಹಿಮ ನಿಲ್ಲತೊಡಗಿದರೆ ವಾಪಸ್' ಎಂಬಷ್ಟು ಸ್ಪಷ್ಟವಾಗಿ, ಜೊತೆಗಾರರ ಎದುರು ಬಾಯಿಬಿಟ್ಟು ಹೇಳಿ. ಮೇಲೆ ಹೋದ ಮೇಲೆ ತಲೆ ಸರಿಯಾಗಿ ಓಡುವುದಿಲ್ಲ. 'ಇನ್ನೊಂದೇ ತಿರುವು' ಎನ್ನುತ್ತಾ ಹೋಗುತ್ತೀರಿ. ಹಿಮ ರಸ್ತೆಗೆ ಕಚ್ಚಿಕೊಳ್ಳುವ ಮುಂಚೆ ಲಾರಿ ಟೆಂಪೊಗಳಾದರೂ ಓಡಾಡುತ್ತಿರುತ್ತವೆ. ಅವು ನಿಂತರೆ ನಿಮ್ಮ ಕೊನೆಯ ಸಹಾಯವೂ ನಿಂತಂತೆ.

ಗುಡುಗು ಕೇಳಿದರೆ ಈ ಲೆಕ್ಕಾಚಾರವೆಲ್ಲ ಪಕ್ಕಕ್ಕೆ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡ್ ಇದ್ದರೆ ಸಿಡಿಲು ಹತ್ತು ಕಿಲೋಮೀಟರ್ ದೂರದಲ್ಲಿದೆ, ಅಂದರೆ ಆಗಲೇ ಹತ್ತಿರ ಬಂದಿದೆ. ಬಂದ ದಾರಿಯಲ್ಲೇ ಕೆಳಗಿಳಿಯಿರಿ. ಪ್ರಾರ್ಥನಾ ಬಾವುಟಗಳ ಕಂಬ, ತುದಿಯ ಕಲ್ಲಿನ ಗುಡ್ಡೆ, ತಗಡಿನ ಖಾಲಿ ಶೆಡ್ಡು ಇವು ಆಸರೆಯಲ್ಲ. ಗಾಜು ಏರಿಸಿದ ಕಾರು ಲಾರಿಗಳ ಒಳಗೆ ಕೂರಬಹುದು. ಏನೂ ಸಿಗದಿದ್ದರೆ ಸೈಕಲ್ ಬಿಟ್ಟು ದೂರ ಹೋಗಿ, ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಗುಂಪಾಗಿ ಕೂರಬೇಡಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ.

ತುದಿಯ ಐದು ನಿಮಿಷ

ಎಲ್ಲ ಇರುವುದು ಇಲ್ಲಿ. ಲೆಕ್ಕ ಹಾಕಿ ನೋಡಿ: ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಜಿಸ್ಪಾದಲ್ಲಿ 15 ಡಿಗ್ರಿ ಇದ್ದ ಹೊತ್ತಿಗೆ ಬಾರಾಲಾಚಾದಲ್ಲಿ ಸುಮಾರು 4. ಅಲ್ಲಿಂದ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿದರೆ, ಎದುರುಗಾಳಿ ಇಲ್ಲದಿದ್ದರೂ ಚರ್ಮಕ್ಕೆ ತಾಕುವುದು ಸೊನ್ನೆಗಿಂತ ಕೆಳಗಿನ ಚಳಿ. ಮೈ ಒದ್ದೆಯಿದ್ದರೆ ಇನ್ನೂ ಕೆಟ್ಟದು. ಏರುವಾಗ ಮೈಯೇ ಬೆಂಕಿ ಹಾಕಿಕೊಂಡಿತ್ತು. ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಒಲೆ ಆರಿರುತ್ತದೆ.

ಹಾಗಾಗಿ ಫೋಟೊ ಆಮೇಲೆ. ಗಾಳಿಗೆ ಮರೆಯಾಗುವಂಥ ಗೋಡೆಯೋ ನಿಂತ ಲಾರಿಯೋ ಸಿಕ್ಕರೆ ಅದರ ಹಿಂದೆ ನಿಂತು ಒದ್ದೆ ಬನಿಯನ್ ಬಿಚ್ಚಿ, ಕಟ್ಟಿಟ್ಟ ಒಣ ಥರ್ಮಲ್ ಹಾಕಿ. ನಡುಗುತ್ತಾ ಅರ್ಧ ನಿಮಿಷ ಬರಿಮೈಯಲ್ಲಿ ನಿಲ್ಲಬೇಕಾಗುತ್ತದೆ, ಅದಕ್ಕೇ ಎಲ್ಲರೂ ಈ ಹೆಜ್ಜೆ ಬಿಡುವುದು. ಮೇಲೆ ಇದ್ದದ್ದೆಲ್ಲ ಹಾಕಿ, ಜಿಪ್ ಗಂಟಲವರೆಗೆ ಎಳೆಯಿರಿ. ಹಳೆಯ ಪತ್ರಿಕೆಯನ್ನು ಎದೆಯ ಮೇಲೆ ಜರ್ಕಿನ್ ಒಳಗೆ ಹಾಸಿಕೊಳ್ಳುವುದು ಯುರೋಪಿನ ರೇಸ್ ಸವಾರರ ಹಳೆಯ ಉಪಾಯ. ಧಾಬಾದಲ್ಲಿ ರದ್ದಿ ಕಾಗದ ಕೇಳಿದರೆ ಕೊಡುತ್ತಾರೆ. ಚಹಾ ಮುಗಿಸಿ, ಸಿಹಿ ಏನಾದರೂ ಬಾಯಿಗೆ ಹಾಕಿ. ಬ್ರೇಕು ಎರಡನ್ನೂ ನಿಂತಲ್ಲೇ ಹಿಚುಕಿ ನೋಡಿ. ಲಿವರ್ ಹ್ಯಾಂಡಲಿಗೆ ತಾಗುವಂತಿದ್ದರೆ ಕೇಬಲ್ ತಿರುಪು ಬಿಗಿ ಮಾಡಿ.

ಇಳಿತ

ಮೊದಲ ಕಿಲೋಮೀಟರ್ ಬೇಕೆಂದೇ ನಿಧಾನ. ರಸ್ತೆ ಹೇಗಿದೆ, ಬ್ರೇಕು ಎಷ್ಟು ಹೊತ್ತಿಗೆ ಕಚ್ಚುತ್ತದೆ ಎಂದು ತಿಳಿದುಕೊಳ್ಳಲು. ರಿಮ್ ಬ್ರೇಕಿನವರು ತಿರುವಿಗೆ ಬಹಳ ಮುಂಚೆ ಒಮ್ಮೆ ಮೆಲ್ಲಗೆ ಹಿಡಿದು ನೀರು ಒರೆಸಿ, ಮತ್ತೆ ಗಟ್ಟಿಯಾಗಿ ಹಿಡಿಯಬೇಕು. ಉದ್ದಕ್ಕೂ ಬ್ರೇಕು ಎಳೆದುಕೊಂಡೇ ಬರಬೇಡಿ. ಕಾದು ಹಿಡಿತ ಕಳೆದುಕೊಳ್ಳುತ್ತದೆ. ನೇರದಲ್ಲಿ ಹಿಡಿದು ಬಿಡಿ, ಹಿಡಿದು ಬಿಡಿ. ತಿರುವಿನೊಳಗೆ ಹೋಗುವ ಮುಂಚೆ ವೇಗ ಇಳಿದಿರಬೇಕು, ವಾಲಿದ ಮೇಲೆ ಮುಂದಿನ ಬ್ರೇಕು ಮುಟ್ಟಬಾರದು.

ಬೆಟ್ಟದ ನೆರಳಿನ ಭಾಗದಲ್ಲಿ ರಸ್ತೆ ಹೊಳೆಯುತ್ತಿದ್ದರೆ ಅದು ನೀರೋ ಮಂಜುಗಡ್ಡೆಯೋ ಎಂದು ಊಹಿಸುತ್ತಾ ಹೋಗಬೇಡಿ. ಇಳಿದು ತಳ್ಳಿ. ತಿರುವಿನ ಒಳಮಗ್ಗುಲಲ್ಲಿ ಜಲ್ಲಿ ಸೇರಿರುತ್ತದೆ, ಹೊರಮಗ್ಗುಲಲ್ಲಿ ಲಾರಿ ಬರುತ್ತದೆ. ನಡುವೆ ಇರುವ ಚಕ್ರದ ಗೆರೆಯೇ ನಿಮ್ಮ ದಾರಿ. ಒದ್ದೆ ಹಿಮದಲ್ಲಿ ಇಳಿಯುವಾಗ ಆಗಾಗ ಗೇರು ಬದಲಾಯಿಸುತ್ತಾ, ಸುಮ್ಮನಾದರೂ ಪೆಡಲು ತಿರುಗಿಸುತ್ತಾ ಇರಿ. ಗೇರುಚಕ್ರದಲ್ಲಿ ಹಿಮ ಗಟ್ಟಿಯಾಗುವುದಿಲ್ಲ, ಕಾಲಿಗೂ ರಕ್ತ ಓಡುತ್ತದೆ.

ಬೆರಳು ಮರಗಟ್ಟಿದರೆ ನಿಲ್ಲಿ. ಬ್ರೇಕು ಎಷ್ಟು ಹಿಡಿದಿದ್ದೇನೆಂದು ಕೈಗೆ ತಿಳಿಯದಿದ್ದರೆ ಬ್ರೇಕು ಇಲ್ಲದಂತೆಯೇ. ಕೈಗಳನ್ನು ಕಂಕುಳಲ್ಲಿಟ್ಟು, ಇಲ್ಲವೇ ತೋಳನ್ನು ಜೋರಾಗಿ ಬೀಸಿ ರಕ್ತ ಇಳಿಸಿ. ಜೀವ ಬರುವಾಗ ವಿಪರೀತ ನೋಯುತ್ತದೆ. ಆ ನೋವು ಒಳ್ಳೆಯ ಲಕ್ಷಣ.

ಹಳ್ಳ ಅಡ್ಡ ಬಂದರೆ

ಹಲವಕ್ಕೆ ಈಗ ಸೇತುವೆಗಳಾಗಿವೆ, ಆದರೂ ಬಾರಾಲಾಚಾದ ಎರಡೂ ಬದಿಯಲ್ಲಿ ನೀರು ರಸ್ತೆಯ ಮೇಲೇ ಹರಿಯುವ ಜಾಗಗಳು ಉಳಿದಿವೆ. ತುಳಿದುಕೊಂಡು ದಾಟುವ ಹುಮ್ಮಸ್ಸು ಬೇಡ, ಕೆಳಗಿನ ಕಲ್ಲು ಕಾಣದು. ಶೂ, ಕಾಲ್ಚೀಲ ಬಿಚ್ಚಿ ಕೊರಳಿಗೆ ಹಾಕಿ, ಪಟ್ಟಿ ಇರುವ ಚಪ್ಪಲಿ ತೊಟ್ಟು, ಸೈಕಲ್ಲನ್ನು ನಿಮಗಿಂತ ನೀರು ಹರಿಯುವ ದಿಕ್ಕಿನ ಕಡೆಗಿಟ್ಟು ತಳ್ಳಿ. ಸೆಳೆತ ಅದನ್ನು ಕಿತ್ತುಕೊಂಡರೂ ನಿಮ್ಮ ಮೇಲೆ ಬೀಳಬಾರದು. ನೀರು ಮೊಣಕಾಲು ಮುಟ್ಟುತ್ತಿದ್ದರೆ ಲಾರಿ ಬರುವವರೆಗೆ ಕಾಯಿರಿ, ಇಲ್ಲವೇ ಮರುದಿನ ಬೆಳಿಗ್ಗೆ ಬನ್ನಿ, ಆಗ ಅದೇ ಹಳ್ಳ ಪಾದ ಮುಳುಗುವಷ್ಟೇ ಇರುತ್ತದೆ.

ಜೊತೆಗಾರನನ್ನು ನೋಡುತ್ತಿರಿ

ನಡುಕ ಬರುವುದು ದೇಹ ಇನ್ನೂ ಹೋರಾಡುತ್ತಿದೆ ಎಂಬ ಗುರುತು. ಮಾತು ತೊದಲುವುದು, ಜಿಪ್ ಹಾಕಲು ಬಾರದಿರುವುದು, ಎಡವುವುದು ಶುರುವಾದರೆ ಅಲ್ಲಿಗೇ ಸವಾರಿ ಮುಗಿಯಿತು. 'ನನಗೇನೂ ಆಗಿಲ್ಲ ಮಾರಾಯ' ಎಂದು ಆತ ಹೇಳಿದರೆ ನಂಬಬೇಡಿ. ನಡುಕ ನಿಂತು ಸುಮ್ಮನೆ ಕೂತುಬಿಟ್ಟರೆ ಪರಿಸ್ಥಿತಿ ತೀರಾ ಕೆಟ್ಟಿದೆ. ಒದ್ದೆ ಬಟ್ಟೆ ಬಿಚ್ಚಿಸಿ, ಮಲಗುವ ಚೀಲದಲ್ಲಿ ಹಾಕಿ, ನೆಲಕ್ಕೂ ಮೈಗೂ ನಡುವೆ ಏನಾದರೂ ಹಾಸಿ. ನುಂಗಲು ಆಗುವಂತಿದ್ದರೆ ಮಾತ್ರ ಬಿಸಿ ಸಿಹಿ ಪಾನೀಯ ಕುಡಿಸಿ. ರಮ್ ಕೊಡುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ, ಮೈ ಬಿಸಿ ಇನ್ನೂ ಬೇಗ ಹೊರಗೆ ಹೋಗುತ್ತದೆ. ಕೈಕಾಲು ಉಜ್ಜುವುದೂ ಬೇಡ. ಸಿಕ್ಕ ಮೊದಲ ಗಾಡಿಗೆ ಕೈ ಅಡ್ಡ ಹಾಕಿ. ಈ ರಸ್ತೆಯಲ್ಲಿ ಚಾಲಕರು ನಿಲ್ಲಿಸುತ್ತಾರೆ, ಸೈಕಲ್ಲನ್ನೂ ಮೇಲೆ ಕಟ್ಟಿಕೊಳ್ಳುತ್ತಾರೆ.

ಎತ್ತರದ ಕಾಯಿಲೆ ಚಳಿಯ ಜೊತೆ ಬೆರೆತೇ ಬರುವುದರಿಂದ ಗುರುತಿಸುವುದು ಕಷ್ಟ. ತಲೆನೋವು, ವಾಕರಿಕೆ ಇದ್ದರೆ ಅಲ್ಲೇ ಉಳಿಯಿರಿ, ಮೇಲೆ ಹೋಗಬೇಡಿ. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಬಾರದಿದ್ದರೆ, ಕೂತಲ್ಲೂ ಏದುಸಿರು ಅಥವಾ ಕೆಮ್ಮಿದರೆ ನೊರೆ ಕಂಡರೆ, ರಾತ್ರಿಯಾಗಿದ್ದರೂ ಗಾಡಿಯಲ್ಲಿ ಕೆಳಗಿಳಿಸಬೇಕು. ಪಾಂಗ್‌ನಲ್ಲಿ ಸೇನೆಯ ಕ್ಯಾಂಪಿದೆ, ಆಪತ್ತಿನಲ್ಲಿ ಅವರ ಬಾಗಿಲು ತಟ್ಟಲು ಸಂಕೋಚ ಬೇಡ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ವಿಚಾರವನ್ನು ಊರಲ್ಲೇ ನಿಮ್ಮ ವೈದ್ಯರ ಜೊತೆ ಮಾತಾಡಿ, ಸಲ್ಫಾ ಅಲರ್ಜಿ ಇದ್ದರೆ ಮುಖ್ಯವಾಗಿ.

ಟೆಂಟು ಸೇರಿದ ಮೇಲೆ

ಬಿಸಿ ಥುಕ್ಪಾ (ನೂಡಲ್ ಸೂಪ್) ಮುಂದೆ ಕೂತರೆ ಮತ್ತೆ ಏಳುವ ಮನಸ್ಸಾಗುವುದಿಲ್ಲ, ಆದ್ದರಿಂದ ಕೂರುವ ಮುನ್ನವೇ ಈ ಕೆಲಸ ಮುಗಿಸಿ. ಚೈನಿನ ನೀರು ಒರೆಸಿ, ಮಳೆಗಾಲದ ದಪ್ಪ ಎಣ್ಣೆ ಬಿಡಿ. ಒದ್ದೆ ಕೈಗವಸು, ಕಾಲ್ಚೀಲಗಳನ್ನು ಒಲೆಯ ಪಕ್ಕ ನೇತುಹಾಕಲು ಧಾಬಾದ ಅಮ್ಮನನ್ನು ಕೇಳಿ. ಅರೆ ಒಣಗಿದ್ದನ್ನು ರಾತ್ರಿ ಮಲಗುವ ಚೀಲದೊಳಗೆ ಹೊಟ್ಟೆಯ ಮೇಲಿಟ್ಟುಕೊಂಡರೆ ಬೆಳಿಗ್ಗೆಗೆ ಹಾಕಲು ಬರುತ್ತವೆ. ಫೋನು, ಪವರ್ ಬ್ಯಾಂಕ್ ಕೂಡ ಅಲ್ಲಿಗೇ. ಆಮೇಲೆ ಟಾರ್ಚು ಹಿಡಿದು ಬ್ರೇಕ್ ಪ್ಯಾಡ್ ನೋಡಿ. ತಗಡಿನ ಮೇಲಿನ ಪದರ ಒಂದು ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಈಗಲೇ ಬದಲಾಯಿಸಿ, ನಾಳೆ ಪಾಸಿನ ತುದಿಯಲ್ಲಿ ಮರಗಟ್ಟಿದ ಬೆರಳಿಂದ ಆ ಸಣ್ಣ ಪಿನ್ನು ಎಳೆಯಲು ಆಗುವುದಿಲ್ಲ.